ಸಂಪಾದಕರ ಉತ್ತರ: ಲೆಕ್ಕದಲ್ಲಿಲ್ಲದ ತಡೆ ಎಲ್ಲಿಂದ ಬಂತು?

ಪತ್ರದ ಸಾರ: “ಚಿನ್ನದ ವರ್ಕ್ ಫಂಕ್ಷನ್ (ಲೋಹದಿಂದ ಎಲೆಕ್ಟ್ರಾನ್ ಹೊರತೆಗೆಯಲು ಬೇಕಾದ ಕನಿಷ್ಠ ಶಕ್ತಿ) 5.3 ಇವಿ (ಎಲೆಕ್ಟ್ರಾನ್ ವೋಲ್ಟ್), ಸಾವಯವ ಅರೆವಾಹಕ ಪೆಂಟಸೀನ್‌ನ ಅಯಾನೀಕರಣ ಶಕ್ತಿ (ಅದರಿಂದ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಸುಮಾರು 5 ಇವಿ. ಹೋಲ್‌ಗಳು (ಎಲೆಕ್ಟ್ರಾನ್ ತೆರವಾದ, ಧನ ವಿದ್ಯುದಂಶದಂತೆ ಸಾಗುವ ಜಾಗಗಳು) ಚಿನ್ನದಿಂದ ಪೆಂಟಸೀನ್‌ಗೆ ತಡೆಯಿಲ್ಲದೆ ದಾಟಬೇಕಲ್ಲವೇ? ಚಿನ್ನದ ಪಟ್ಟಿಗಳ ಮೇಲೆ ಪೆಂಟಸೀನ್ ಕೂರಿಸಿದ ನಮ್ಮ ಟ್ರಾನ್ಸಿಸ್ಟರ್‌ಗಳಲ್ಲಿ ಸಂಪರ್ಕ ರೋಧ (ಚಿನ್ನ-ಪೆಂಟಸೀನ್ ಕೂಡುವಲ್ಲಿನ ರೋಧ) ವಿಪರೀತ. ಚಿನ್ನವನ್ನು ಇನ್ನಷ್ಟು ಶುಚಿ ಮಾಡಬೇಕೇ?” (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಬರೀ ಶುಚಿಯಿಂದ ಇದು ಬಗೆಹರಿಯದು. 5.3 ಎಂಬುದು ನಿರ್ವಾತದಲ್ಲಿರುವ ಬರಿಮೈ ಚಿನ್ನದ ಅಂಕಿ. ಲೋಹದ ಎಲೆಕ್ಟ್ರಾನ್‌ಗಳು ಕೊನೆಯ ಪರಮಾಣು ಸಾಲಿಗೇ ನಿಲ್ಲದೆ ಒಂದಿಷ್ಟು ಹೊರಗೂ ಚಾಚಿರುತ್ತವೆ. ಹೊರಗೆ ಋಣ, ಒಳಗೆ ಧನ. ಈ ದ್ವಿಧ್ರುವ ಪದರದಿಂದಾಗಿಯೇ ವರ್ಕ್ ಫಂಕ್ಷನ್ ಅಷ್ಟು ಎತ್ತರದಲ್ಲಿರುವುದು. ಅಣುವೊಂದು ಬಂದು ಕೂತರೆ, ಅದರ ತುಂಬಿದ ಕಕ್ಷಕಗಳು ಪೌಲಿ ನಿಯಮದಂತೆ (ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರಲಾರವು) ಆ ಚಾಚನ್ನು ಹಿಂದಕ್ಕೆ ತಳ್ಳುತ್ತವೆ, ಬಸ್ಸಿನ ಬಾಗಿಲಲ್ಲಿ ಜೋತವರನ್ನು ಒಳಕ್ಕೆ ನೂಕಿದ ಹಾಗೆ. ರಾಸಾಯನಿಕ ಬಂಧವಿಲ್ಲ, ಎಲೆಕ್ಟ್ರಾನ್ ಕೊಡು-ಕೊಳ್ಳುವಿಕೆಯಿಲ್ಲ. ಆದರೂ ವರ್ಕ್ ಫಂಕ್ಷನ್ 0.5ರಿಂದ 1 ಇವಿಯಷ್ಟು ಕುಸಿಯುತ್ತದೆ. ಬಹುಪಾಲು ಕುಸಿತ ಮೊದಲ ಪದರದಲ್ಲೇ ಮುಗಿಯುತ್ತದೆ.

ಸಾಲದ್ದಕ್ಕೆ, ಶುಚಿ ಚಿನ್ನದ ಮೇಲೆ ಪೆಂಟಸೀನ್ ಅಣು ಮಲಗುತ್ತದೆ, ಸಿಲಿಕಾದ ಮೇಲೆ ನಿಲ್ಲುತ್ತದೆ. ಮಲಗಿದ ಪದರದ ಅಯಾನೀಕರಣ ಶಕ್ತಿ ಸುಮಾರು ಅರ್ಧ ಇವಿ ಹೆಚ್ಚು. ನೀವು ಹಾಕಿಕೊಂಡ 5 ಇವಿ ನಿಂತ ಪದರದ್ದು. ವರ್ಕ್ ಫಂಕ್ಷನ್ ಇಳಿದು ಅಯಾನೀಕರಣ ಶಕ್ತಿ ಏರಿದಾಗ ನಡುವೆ ಬೀಳುವ ಅಂತರವೇ ಹೋಲ್‌ಗಳಿಗೆ ತಡೆ. ಕೋಣೆಯ ಉಷ್ಣತೆಯಲ್ಲಿ ತಡೆ 0.06 ಇವಿ ಏರಿದರೆ ದಾಟುವ ಪ್ರವಾಹ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂಬುದು ಸರಳ ಲೆಕ್ಕ (ನಿಜ ಪದರದಲ್ಲಿ ದೋಷಸ್ಥಿತಿಗಳು ಇದನ್ನು ಕೊಂಚ ಮೆದುಗೊಳಿಸುತ್ತವೆ).

ಇನ್ನು, ಗಾಳಿಗೊಡ್ಡಿದ ಚಿನ್ನದಲ್ಲಿ ಈ ತಳ್ಳಾಟವನ್ನು ಹೈಡ್ರೋಕಾರ್ಬನ್ ಕೊಳೆ ಆಗಲೇ ಮುಗಿಸಿರುತ್ತದೆ. ನಿಮ್ಮ ಪಟ್ಟಿಗಳು 4.5–4.9ರ ಆಸುಪಾಸಿನಲ್ಲಿದ್ದಾವು.

ಪೆಂಟಾಫ್ಲೋರೋಬೆನ್ಜೀನ್‌ಥಯಾಲ್ ಪದರ ಹಾಕಿ ನೋಡಿ (ಥಯಾಲ್ ಅಂದರೆ ಗಂಧಕ-ಹೈಡ್ರೋಜನ್ ಗುಂಪುಳ್ಳ ಅಣು). ಗಂಧಕ ಚಿನ್ನವನ್ನು ಹಿಡಿದು, ಫ್ಲೋರೀನ್ ತುದಿ ಹೊರಗೆ ಋಣವಾಗಿ ನಿಂತು ವರ್ಕ್ ಫಂಕ್ಷನ್ ಅನ್ನು ಮತ್ತೆ ಏರಿಸುತ್ತದೆ. ಪಟ್ಟಿಗಳನ್ನು ಅಸಿಟೋನ್, ಐಸೊಪ್ರೊಪನಾಲ್‌ನಲ್ಲಿ ತೊಳೆದು 10 ನಿಮಿಷ ಯುವಿ-ಓಝೋನ್‌ಗೆ ಒಡ್ಡಿ. ಇದರಿಂದ ಚಿನ್ನದ ಆಕ್ಸೈಡ್ ಆಗುತ್ತದೆ. ಅಳೆದರೆ ವರ್ಕ್ ಫಂಕ್ಷನ್ ಅಂಕಿ ಚೆನ್ನಾಗಿಯೇ ಬರುತ್ತದೆ, ಆದರೆ ಬಾಳಿಕೆಯಿಲ್ಲ. ಹಾಗಾಗಿ ಆ ಆಕ್ಸೈಡ್ ಹೋಗಲು ಅರ್ಧ ಗಂಟೆ ಎಥನಾಲ್‌ನಲ್ಲಿ ಬಿಡಿ. 50 ಮಿ.ಲೀ. ಎಥನಾಲ್‌ಗೆ 0.1 ಗ್ರಾಂ ಥಯಾಲ್ ಹಾಕಿದರೆ 10 ಮಿಲಿಮೋಲಾರ್ ದ್ರಾವಣ. ಫ್ಯೂಮ್ ಹುಡ್ ಒಳಗೇ ಬೆರೆಸಿ, ನಾತ ಸಾಮಾನ್ಯದ್ದಲ್ಲ. 5 ನಿಮಿಷ ಅದ್ದಿ, ಎಥನಾಲ್ ಧಾರೆಯಲ್ಲಿ ಚೆನ್ನಾಗಿ ತೊಳೆದು ನೈಟ್ರೋಜನ್‌ನಲ್ಲಿ ಒಣಗಿಸಿ. ತೊಳೆಯುವುದು ಸಾಲದಾದರೆ ಅಂಟಿಕೊಳ್ಳದ ಅಣುಗಳು ಮೇಲೆಯೇ ಉಳಿದು ಪೆಂಟಸೀನ್ ಬೆಳವಣಿಗೆಯನ್ನು ಕೆಡಿಸುತ್ತವೆ. ಹಳೆಯ ದ್ರಾವಣ ಬೇಡ. ಥಯಾಲ್ ಗಾಳಿಗೆ ಡೈಸಲ್ಫೈಡ್ ಆಗಿಬಿಡುತ್ತದೆ.

ಅಳೆಯಲು ಕೆಲ್ವಿನ್ ಪ್ರೋಬ್ (ಮೇಲ್ಮೈಯನ್ನು ಮುಟ್ಟದೆ ವರ್ಕ್ ಫಂಕ್ಷನ್ ಅಳೆಯುವ ಉಪಕರಣ) ಸಾಕು. ಯುಪಿಎಸ್ (ನೇರಳಾತೀತ ಬೆಳಕಿನಿಂದ ಎಲೆಕ್ಟ್ರಾನ್ ಹೊರಡಿಸಿ ಅವುಗಳ ಶಕ್ತಿ ಅಳೆಯುವ ವಿಧಾನ) ಸಿಕ್ಕರೆ ಹೀಲಿಯಂ ದೀಪದ ಬೆಳಕಿನ 21.22 ಇವಿಯಿಂದ ವರ್ಣಪಟಲದ ಪೂರ್ಣ ಅಗಲವನ್ನು ಕಳೆಯಿರಿ: ಅಗಲ 15.92 ಇದ್ದರೆ ವರ್ಕ್ ಫಂಕ್ಷನ್ 5.30. ಮಾದರಿಗೆ −5ರಿಂದ −10 ವೋಲ್ಟ್ ಕೊಡುವುದನ್ನು ಮರೆತರೆ ಉಪಕರಣದ್ದೇ ಅಂಚನ್ನು ಮಾದರಿಯದೆಂದು ಓದುವಿರಿ.

ರೋಧ ಇಳಿದರೂ ಪೂರ್ತಿ ಶ್ರೇಯ ವರ್ಕ್ ಫಂಕ್ಷನ್‌ಗೆ ಸಲ್ಲದು. ಬರಿ ಚಿನ್ನದ ಅಂಚಿನಲ್ಲಿ ಪೆಂಟಸೀನ್ ಹರಳುಗಳು ತೀರ ಚಿಕ್ಕವು. ಥಯಾಲ್ ಪದರ ಅದನ್ನೂ ಸುಧಾರಿಸುತ್ತದೆ. ಒಂದಷ್ಟು ಟ್ರಾನ್ಸಿಸ್ಟರ್‌ಗಳಿಗೆ ಫ್ಲೋರೀನ್ ಇಲ್ಲದ ಬೆನ್ಜೀನ್‌ಥಯಾಲ್ ಹಾಕಿ ಹೋಲಿಸಿ. ಗಾತ್ರ ಹೆಚ್ಚುಕಡಿಮೆ ಅದೇ, ಆದರೆ ವರ್ಕ್ ಫಂಕ್ಷನ್ ಅನ್ನು ಇಳಿಸುತ್ತದೆ. ಹರಳಿನ ಪಾಲೆಷ್ಟು, ವರ್ಕ್ ಫಂಕ್ಷನ್‌ನ ಪಾಲೆಷ್ಟು ಎಂಬುದರ ಸುಳಿವು ಸಿಗುತ್ತದೆ.