ಕೋಚ್ ನೆನಪಿಗೆ ಒಂದು ಪಂದ್ಯ

ಪ್ರಶ್ನೆ: ನಮ್ಮ ಕಾಲೇಜಿನ ಫುಟ್‌ಬಾಲ್ ಕೋಚ್ ತೀರಿಕೊಂಡರು. ಹಳೆಯ ಆಟಗಾರರು ಸೇರಿ ಅವರ ನೆನಪಿಗೆ ಪಂದ್ಯ ಆಡಬೇಕೆಂದಿದ್ದೇವೆ. ಹೇಗೆ ನಡೆಸುವುದು?
– ಓದುಗರೊಬ್ಬರು, ಮಂಡ್ಯ

ಉತ್ತರ: ಆಟ ಕಲಿಸಿದ ಗುರುವಿಗೆ ಮೈದಾನದಲ್ಲೇ ನಮಿಸುವುದು ಚೆಂದ. ಎರಡೂ ತಂಡಗಳು ನಡುವೃತ್ತದ ಸುತ್ತ ನಿಲ್ಲಲಿ. ರೆಫರಿಯ ಸೀಟಿಗೆ ಮೌನ ಶುರು, ಒಂದು ನಿಮಿಷಕ್ಕೆ ಮತ್ತೆ ಸೀಟಿ. ಮೈಕ್ ಮೊದಲೇ ಆಫ್ ಮಾಡಿಸಿ, ಅದರ ಕೀರಲು ಮೌನ ಕೆಡಿಸುತ್ತದೆ.

ತೋಳಿನ ಕಪ್ಪು ಪಟ್ಟಿಗೆ ಪಿನ್ನು ಬೇಡವೇ ಬೇಡ: ಡಿಕ್ಕಿಯಾದಾಗ ಚುಚ್ಚುತ್ತದೆ, ರೆಫರಿ ಬಿಡುವುದೂ ಇಲ್ಲ. 5 ಸೆಂ.ಮೀ. ಅಗಲದ ಬಟ್ಟೆಗೆ ಎಲಾಸ್ಟಿಕ್ ಹೊಲಿಸಿ. ಒಂದು ಬೆರಳು ತೂರುವಷ್ಟು ಸಡಿಲವಿರಲಿ, ಬಿಗಿಯಾದರೆ ಕೈ ಜೋಮು ಹಿಡಿಯುತ್ತದೆ.

ವಯಸ್ಸಾದವರೂ ಆಡುವುದರಿಂದ 45ರ ಬದಲು 25 ನಿಮಿಷದ ಎರಡು ಅವಧಿ ಸಾಕು, ಬದಲಿ ಆಟಗಾರರಿಗೆ ಮಿತಿ ಬೇಡ. ಮೊದಲ ಒದೆತ ಕೋಚ್ ಮನೆಯವರದ್ದಾಗಲಿ. ಆಮೇಲೆ ಚೆಂಡನ್ನು ನಡುಚುಕ್ಕೆಗೆ ತಂದಿಟ್ಟು ಪಂದ್ಯ ಆರಂಭಿಸಿ.