ಜೇಮ್ಸ್ ಬೆಕ್‌ಫರ್ಡ್: ಎರಡೂ ಜಿಗಿತದಲ್ಲಿ ದೊಡ್ಡವರೇ

ಜಮೈಕಾದ ಜಿಗಿತಗಾರ ಜೇಮ್ಸ್ ಬೆಕ್‌ಫರ್ಡ್ ಲಾಂಗ್ ಜಂಪ್‌ನವರಾ, ಟ್ರಿಪಲ್ ಜಂಪ್‌ನವರಾ (ಒಂದೇ ಓಟದಲ್ಲಿ ಮೂರು ನೆಗೆತ) ಅಂತ ಕೇಳುವವರಿದ್ದಾರೆ. ಪದಕ ಎಣಿಸಿದರೆ ಲಾಂಗ್ ಜಂಪ್. ಆದರೆ ನನ್ನ ಮನಸ್ಸು ಟ್ರಿಪಲ್ ಕಡೆಗೇ ವಾಲುತ್ತದೆ.

1995ರ ಮೇ ತಿಂಗಳಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ ಅವರು ಟ್ರಿಪಲ್ ಜಂಪ್‌ನಲ್ಲಿ 17.92 ಮೀಟರ್ ಹಾರಿದರು. ಆಗ ವಯಸ್ಸು ಬರೀ 20! ಅಂದಿನ ವಿಶ್ವದಾಖಲೆ 17.97. ಬರೀ ಐದು ಸೆಂಟಿಮೀಟರ್ ಕಡಿಮೆ, ಅಂದರೆ ಮೂರು ಬೆರಳಿನ ಅಗಲ. ಅದೇ ವರ್ಷದ ಆಗಸ್ಟ್‌ನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಅಲ್ಲಿ ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 18.29 ಹಾರಿಬಿಟ್ಟರು. ಬೆಕ್‌ಫರ್ಡ್ 17.62ಕ್ಕೆ ಬೆಳ್ಳಿ ಗೆದ್ದರು. ಅಂಥ ದಿನ ಎರಡನೆಯವರಾಗುವುದು ಸಣ್ಣ ಮಾತಲ್ಲ, ಅಲ್ವಾ?

ಟ್ರಿಪಲ್‌ನಲ್ಲಿ ಹಾರಿದ ಕಾಲ ಮೇಲೇ ಮೊದಲು ಇಳಿಯಬೇಕು, ಆಮೇಲೆ ಇನ್ನೊಂದು ಕಾಲು, ಕೊನೆಗೆ ಮರಳು. ಮೊಣಕಾಲು, ಹಿಮ್ಮಡಿಗೆ ಪೆಟ್ಟು ಜಾಸ್ತಿ. ಲಾಂಗ್ ಜಂಪ್‌ನಲ್ಲಿ ಒಂದೇ ನೆಗೆತ, ವೇಗವೇ ಬಂಡವಾಳ. ಎರಡನ್ನೂ ಒಲಿಸಿಕೊಂಡವರು ಕಡಿಮೆ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಲಾಂಗ್ ಜಂಪ್‌ನಲ್ಲಿ 8.29ಕ್ಕೆ ಬೆಳ್ಳಿ. ಚಿನ್ನ ಕಾರ್ಲ್ ಲೂಯಿಸ್‌ಗೆ. 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ ಬೆಳ್ಳಿ, ಈ ಸಲ ಚಿನ್ನ ತಪ್ಪಿದ್ದು ನಾಲ್ಕೇ ಸೆಂಟಿಮೀಟರಿನಲ್ಲಿ. ನನಗೆ ಇವತ್ತಿಗೂ ಅದೇ ಹೊಟ್ಟೆ ಉರಿಸುತ್ತದೆ. 1997ರಲ್ಲಿ ಅವರು ಹಾರಿದ 8.62 ಜಮೈಕಾದ ದಾಖಲೆಯಾಗಿ 22 ವರ್ಷ ಉಳಿಯಿತು. 2019ರಲ್ಲಿ ದೋಹಾದಲ್ಲಿ ತಾಜೇ ಗೇಲ್ 8.69 ಹಾರಿ ಅದನ್ನು ಮುರಿದರು.