ಕ್ಯಾಂಪರ್ ವ್ಯಾನಿನ ಡೀಸೆಲ್ ಹೀಟರ್‌ಗೆ ಇಂಜಿನ್ ಪೈಪಿನಿಂದಲೇ ಟೀ ಜಾಯಿಂಟ್ ಹಾಕಬಹುದಾ?

ಹೀಟರ್‌ಗೆ ಡೀಸೆಲ್ ಕೊಡೋಕೆ ಟ್ಯಾಂಕ್ ಇಳಿಸಿ ಬೇರೆ ಪೈಪ್ ಹಾಕೋದು ದೊಡ್ಡ ರಗಳೆ, ಇಂಜಿನ್‌ಗೆ ಹೋಗುವ ಪೈಪನ್ನೇ ಕತ್ತರಿಸಿ ಟೀ (T ಆಕಾರದ ಕವಲು ಜಾಯಿಂಟ್) ಹಾಕಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ನನಗೂ ಗ್ಯಾರೇಜಿನಲ್ಲಿ ಇದನ್ನೇ ಹೇಳಿದ್ದರು. ನಾನೂ ಹೂಂ ಅಂದಿದ್ದೆ.

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಸೀಟು ಕಿತ್ತು, ಹಲಗೆ ಹೊಡೆಸಿ, ಮಂಚ ಮತ್ತು ಒಂದು ಸಣ್ಣ ಅಡುಗೆ ಕಟ್ಟೆ ಮಾಡಿಸಿದ್ದೆವು. ಚಿಕ್ಕಮಗಳೂರಿನಲ್ಲಿ ಹೀಟರ್ ಯಾಕೆ ಮಾರಾಯ ಅಂತ ಎಲ್ಲರೂ ನಕ್ಕರು. ನಕ್ಕವರು ಯಾರೂ ಜುಲೈನಲ್ಲಿ ವ್ಯಾನಿನೊಳಗೆ ಮಲಗಿದವರಲ್ಲ. ಇಲ್ಲಿ ಚಳಿ ದೊಡ್ಡ ವಿಷಯವೇ ಅಲ್ಲ, ಕಂಬಳಿ ಹೊದ್ದರೆ ಆಯಿತು. ಕಾಟ ಕೊಡುವುದು ತೇವ. ಹೊರಗೆ ಜಡಿಮಳೆ, ಒಳಗೆ ಇಬ್ಬರ ಉಸಿರು, ಗ್ಯಾಸ್ ಒಲೆ ಹಚ್ಚಿದರೆ ಅದರ ಆವಿ ಬೇರೆ. ಬೆಳಿಗ್ಗೆ ಏಳುವಷ್ಟರಲ್ಲಿ ತಗಡಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ದಿಂಬಿಗೆ ಬೂಷ್ಟು ಹಿಡಿದಿರುತ್ತದೆ. ಡೀಸೆಲ್ ಹೀಟರ್‌ನಲ್ಲಿ ಬೆಂಕಿ ಉರಿಯುವುದು ಮುಚ್ಚಿದ ಡಬ್ಬಿಯೊಳಗೆ. ಅದಕ್ಕೆ ಬೇಕಾದ ಗಾಳಿ ಬರುವುದಕ್ಕೂ ಹೊಗೆ ಹೋಗುವುದಕ್ಕೂ ವ್ಯಾನಿನ ಕೆಳಗೆ ಬೇರೆ ಕೊಳವೆಗಳಿವೆ. ನಮ್ಮ ಕಡೆ ಬರುವುದು ಬರೀ ಒಣ ಬಿಸಿಗಾಳಿ. ಒದ್ದೆ ಜರ್ಕಿನ್ ರಾತ್ರಿ ನೇತುಹಾಕಿದರೆ ಬೆಳಿಗ್ಗೆಗೆ ಗರಿಗರಿ. ಹಾಗಾಗಿ ಹೀಟರ್ ಬೇಕೋ ಬೇಡವೋ ಅನ್ನುವ ಚರ್ಚೆ ಬಿಟ್ಟುಬಿಡಿ, ಮಲೆನಾಡಿನಲ್ಲಿ ಬೇಕು.

ಈಗ ಟೀ ವಿಷಯ. ಟ್ಯಾಂಕಿನಿಂದ ಡೀಸೆಲ್ ಫಿಲ್ಟರ್‌ಗೆ ಹೋಗುವ ರಬ್ಬರ್ ಹೋಸ್ ಕತ್ತರಿಸಿದರು. ನಡುವೆ ಒಂದು ಹಿತ್ತಾಳೆ ಟೀ, ಸುತ್ತ ಸ್ಕ್ರೂ ಕ್ಲಿಪ್ಪುಗಳು. ಕೆಲಸ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಹೀಟರ್ ಹತ್ತಿತು, ಇಂಜಿನ್ನೂ ಚೆನ್ನಾಗಿಯೇ ಓಡಿತು. ಕೆಳಗೆ ಬಗ್ಗಿ ನೋಡಿದರೆ ಒಂದು ಹನಿ ಸೋರಿಕೆ ಇಲ್ಲ. ಊರೊಳಗೆ ಸಮತಟ್ಟು ಜಾಗದಲ್ಲಿ ನಿಲ್ಲಿಸುತ್ತಿದ್ದಷ್ಟು ದಿನ ಏನೂ ತೊಂದರೆ ಬರಲಿಲ್ಲ.

ಆಮೇಲೆ ಕಾಫಿ ಕುಯ್ಲಿನ ಸಮಯದಲ್ಲಿ ಆಲ್ದೂರಿನ ಹತ್ತಿರ ಗೆಳೆಯರ ತೋಟಕ್ಕೆ ಹೋದೆವು. ಕಣದ ಪಕ್ಕದ ಏರಿನಲ್ಲಿ ಮೂತಿ ಮೇಲೆ ಮಾಡಿ ಗಾಡಿ ನಿಲ್ಲಿಸಿ, ರಾತ್ರಿಯಿಡೀ ಹೀಟರ್ ಹಾಕಿಕೊಂಡು ಮಲಗಿದೆವು. ಬೆಳಿಗ್ಗೆ ಕೀ ತಿರುಗಿಸಿದರೆ ಇಂಜಿನ್ ಒಂದು ಸಲ ಗುರ್ ಅಂದು ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದೆ, ಬರೀ ಸ್ಟಾರ್ಟರ್ ಸದ್ದು. ಬ್ಯಾಟರಿಯೂ ಸೋತಿತು. ನಾವು ಅಡ್ಡ ನಿಂತಿದ್ದು ತೋಟದ ಒಂದೇ ದಾರಿಗೆ. ಹಿಂದೆ ಆಳುಗಳನ್ನು ತುಂಬಿಕೊಂಡ ಪಿಕಪ್, ಅದರ ಹಿಂದೆ ಇನ್ನೊಂದು. ಕುಯ್ಲಿನ ಹೊತ್ತಿನಲ್ಲಿ ಆಳು ಕಾದು ನಿಂತರೆ ತೋಟದ ಯಜಮಾನನ ಮುಖ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಫಿಲ್ಟರ್ ಮೇಲಿನ ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದ ಮೇಲೆ ಗಾಡಿ ಹೊರಟಿತು. ಫಿಲ್ಟರ್ ಹೋಗಿದೆ ಅಂದರು, ಬದಲಾಯಿಸಿದೆ. ಮುಂದಿನ ಏರಿನಲ್ಲಿ ಮತ್ತದೇ ಕಥೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ವೀಕ್ ಅಂದರು, ಅದನ್ನೂ ಹಾಕಿಸಿದೆ. ಕೊನೆಗೆ ಇಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಹಾಸನಕ್ಕೆ ಚೆಕ್ ಮಾಡಿಸಲು ಕಳಿಸಿದೆವು. ಅವು ಚೆನ್ನಾಗಿಯೇ ಇದ್ದವು. ಹೀಟರ್‌ಗಿಂತ ಜಾಸ್ತಿ ದುಡ್ಡು ಈ ಪರೀಕ್ಷೆಗಳಿಗೇ ಹೋಯಿತು. ಮೂಡಿಗೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಒಬ್ಬರು ಮಾತಾಡದೆ ಟೀ ಮುಂದೆ ಒಂದು ಗೇಣು ಪಾರದರ್ಶಕ ಪೈಪ್ ಸಿಕ್ಕಿಸಿದರು. ಇಂಜಿನ್ ಓಡುತ್ತಿದ್ದರೆ ಅದರೊಳಗೆ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕಂದರೆ ಗ್ಯಾರೇಜಿನವರೂ ಎಡವಿದ್ದು ಇಲ್ಲೇ. ನನ್ನಂಥ ಹಳೇ ಗಾಡಿಯಲ್ಲಿ ಡೀಸೆಲನ್ನು ಟ್ಯಾಂಕಿನಿಂದ ಯಾರೂ ತಳ್ಳುವುದಿಲ್ಲ, ಮುಂದಿರುವ ಪಂಪ್ ಎಳೆದುಕೊಳ್ಳುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ? ಎಳನೀರು ಹೊರಗೆ ಚೆಲ್ಲಲ್ಲ, ಬಾಯಿಗೆ ಬರೀ ಗಾಳಿ ಬರುತ್ತದೆ. ಇಲ್ಲೂ ಅಷ್ಟೇ. ಪೈಪಿನೊಳಗೆ ಎಳೆತ ಇರುವುದರಿಂದ ಕ್ಲಿಪ್ ಸಡಿಲ ಇದ್ದರೂ ಡೀಸೆಲ್ ಸೋರುವುದಿಲ್ಲ, ಗಾಳಿ ನುಗ್ಗುತ್ತದೆ. ಕೆಳಗೆ ಒಣಗಿದೆ, ಹಾಗಾಗಿ ಜಾಯಿಂಟ್ ಸರಿ ಇದೆ ಅಂದುಕೊಂಡಿದ್ದೇ ನಾನು ಮಾಡಿದ ಎಡವಟ್ಟು. ಓಡುವಾಗ ಸಣ್ಣ ಗುಳ್ಳೆಗಳನ್ನು ಇಂಜಿನ್ ಹೇಗೋ ಸಹಿಸಿಕೊಳ್ಳುತ್ತದೆ. ನಿಲ್ಲಿಸಿದಾಗ ಅಸಲಿ ಸಮಸ್ಯೆ. ಮೂತಿ ಮೇಲಾಗಿ ನಿಂತರೆ ಇಂಜಿನ್ ಮೇಲೆ, ಟ್ಯಾಂಕ್ ಕೆಳಗೆ. ಟೀ ಹತ್ತಿರ ಗಾಳಿ ಸಿಕ್ಕಿದ ತಕ್ಷಣ ಪೈಪಿನಲ್ಲಿದ್ದ ಡೀಸೆಲ್ ಪೂರ್ತಿ ಜಾರಿ ಟ್ಯಾಂಕಿಗೆ ವಾಪಸ್. ಅದರ ಮೇಲೆ ಹೀಟರ್‌ನ ಪಂಪ್ ರಾತ್ರಿಯೆಲ್ಲ ಟಿಕ್ ಟಿಕ್ ಅಂತ ಅದೇ ಪೈಪಿನಿಂದ ಹೀರುತ್ತಿರುತ್ತದೆ. ಬೆಳಿಗ್ಗೆ ಇಂಜಿನ್‌ಗೆ ಸಿಗುವುದು ಖಾಲಿ ಪೈಪ್. ಸ್ಕ್ರೂ ಕ್ಲಿಪ್ಪನ್ನು ಸಣ್ಣ ಹೋಸಿಗೆ ಹಾಕಿದರೆ ಸುತ್ತಲೂ ಸಮನಾಗಿ ಹಿಡಿಯುವುದಿಲ್ಲ, ಒಂದು ಕಡೆ ಉಬ್ಬುತ್ತದೆ. ಬೋಲ್ಟ್ ಇರುವ ಫ್ಯೂಯಲ್ ಕ್ಲ್ಯಾಂಪ್ ಹಾಕಿದ್ದರೆ ಇನ್ನಷ್ಟು ದಿನ ಎಳೆಯುತ್ತಿತ್ತೇನೋ. ಆದರೆ ಇಂಜಿನ್ನಿನ ಜೀವನಾಡಿಗೆ ಬೇಡದ ಜಾಯಿಂಟ್ ಯಾಕೆ ಬೇಕು?

ಆದ್ದರಿಂದ ಟೀ ಹಾಕಿದರೆ ಸಾಕಲ್ವಾ ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಎಲ್ಲೂ ಹಾಕಬೇಡಿ. ಇಂಜಿನ್ ಬಳಸದೆ ಉಳಿದ ಡೀಸೆಲನ್ನು ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಪೈಪಿಗೆ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ರಿಟರ್ನ್ ಪೈಪಿನ ತುದಿ ಟ್ಯಾಂಕಿನೊಳಗೆ ಡೀಸೆಲ್ ಮಟ್ಟಕ್ಕಿಂತ ಮೇಲೆ ಮುಗಿದಿದ್ದರೆ ಹೀಟರ್ ಗಾಳಿಯನ್ನೇ ಎಳೆಯುತ್ತದೆ. ಹೀಟರ್‌ಗೆ ಅದರದ್ದೇ ಪೈಪ್ ಇರಲಿ, ಟ್ಯಾಂಕಿನ ಮೇಲಿನಿಂದ ಇಳಿಬಿಟ್ಟ ಪೈಪ್. ತಳಕ್ಕೆ ಮುಟ್ಟಿಸಬೇಡಿ, ಒಂದು ನಾಲ್ಕು ಬೆರಳು ಮೇಲೆ ನಿಲ್ಲಿಸಿ. ಆಗ ತಳದ ಕಸ ಬರಲ್ಲ. ಡೀಸೆಲ್ ಕಮ್ಮಿಯಾದರೆ ಮೊದಲು ಹೀಟರ್ ಆರುತ್ತದೆ, ಬಂಕಿನವರೆಗೆ ಹೋಗುವಷ್ಟು ಇಂಜಿನ್‌ಗೆ ಉಳಿದಿರುತ್ತದೆ. ತುದಿಯನ್ನು ಓರೆಯಾಗಿ ಕತ್ತರಿಸಿ.

ತೂತು ಎಲ್ಲಿ ಕೊರೆಯೋದು ಅಂದರೆ, ಟ್ಯಾಂಕಿಗಿಂತ, ಡೀಸೆಲ್ ಎಷ್ಟಿದೆ ಅಂತ ಅಳೆಯುವ ಗೇಜ್ ಫ್ಲೋಟ್ ಕೂರುವ ಮುಚ್ಚಳ ಒಳ್ಳೆಯದು. ಹೊರಗೆ ತೆಗೆದು ಮೇಜಿನ ಮೇಲೆ ಕೊರೆಯಬಹುದು, ಚೂರು ಒಳಗೆ ಬೀಳುವ ಭಯವಿಲ್ಲ, ಕೆಟ್ಟರೆ ಮುಚ್ಚಳ ಮಾತ್ರ ಬದಲಾಯಿಸಿದರಾಯಿತು. ಫ್ಲೋಟ್‌ನ ಕೈಗೆ ಪೈಪ್ ತಾಗದಂತೆ ಮಾತ್ರ ನೋಡಿಕೊಳ್ಳಿ. ನಾನು ಕೊನೆಗೆ ಮಾಡಿಸಿದ್ದು ಇದನ್ನೇ. ಟ್ಯಾಂಕ್ ಬಹುತೇಕ ಖಾಲಿ ಇದ್ದಾಗ ಹೋಗಿ, ತುಂಬಿದ ಟ್ಯಾಂಕ್ ಇಳಿಸೋದು ಯಾರ ಸೊಂಟಕ್ಕೂ ಒಳ್ಳೆಯದಲ್ಲ.

ಪೈಪ್ ಹೀಟರ್ ಜೊತೆ ಬರುವ 2 ಮಿ.ಮೀ. ಒಳ ವ್ಯಾಸದ ಗಟ್ಟಿ ನೈಲಾನ್ ಪೈಪೇ ಇರಲಿ. ದಪ್ಪ ರಬ್ಬರ್ ಹೋಸಿನಲ್ಲಿ ಗುಳ್ಳೆ ಮೇಲೆ ಸೇರಿಕೊಂಡು ಬೆಂಕಿ ಆರುತ್ತದೆ, ಬಿಳಿ ಹೊಗೆ ಕಾರುತ್ತದೆ. ಹೀಟರ್‌ನ ಪಂಪ್ ಟ್ಯಾಂಕಿನ ಹತ್ತಿರ, ಟ್ಯಾಂಕಿಗೂ ಪಂಪಿಗೂ ನಡುವೆ ಫಿಲ್ಟರ್, ಪಂಪಿನ ಹೊರಬಾಯಿ ಓರೆಯಾಗಿ ಮೇಲೆ ನೋಡುವಂತೆ. ಕೆಳಗೆ ರಬ್ಬರ್ ಹಾಕದಿದ್ದರೆ ಆ ಟಿಕ್ ಟಿಕ್ ಚಾಸಿಗೆ ಹತ್ತಿ ರಾತ್ರಿಯಿಡೀ ತಲೆ ತಿನ್ನುತ್ತದೆ.

ಹೀಟರ್‌ಗೇ ಅಂತ ಬೇರೆ ಡೀಸೆಲ್ ಕ್ಯಾನ್ ಇಡುವ ಯೋಚನೆಯನ್ನೂ ಬರೆದಿದ್ದೀರಿ. ಇಲ್ಲೇ ಸುತ್ತಾಡುವುದಾದರೆ ಆಗಬಹುದು, 2 ಕಿಲೋವ್ಯಾಟ್ ಹೀಟರ್ ರಾತ್ರಿಗೆ ಕುಡಿಯುವುದು ಒಂದೆರಡು ಲೀಟರ್. ಆದರೆ ಕ್ಯಾನ್ ವ್ಯಾನಿನ ಹೊರಗಿರಬೇಕು. ಒಳಗಿಟ್ಟರೆ ಚಪಾತಿಗೂ ಡೀಸೆಲ್ ವಾಸನೆ. ಲಡಾಖ್‌ಗೆ ಹೋಗುವ ಆಸೆ ಇದೆ ಅಂದಿರಲ್ಲ, ಆಗ ಕ್ಯಾನ್ ಬೇಡವೇ ಬೇಡ. ಹಾಸನದಲ್ಲಿ ತುಂಬಿಸಿದ ಡೀಸೆಲ್ ಅಲ್ಲಿನ ಚಳಿಗೆ ಮೇಣದಂತೆ ಗಟ್ಟಿಯಾಗಿ ಮೊದಲು ಆ ಸಣ್ಣ ಪೈಪನ್ನೇ ಕಟ್ಟುತ್ತದೆ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದೇ ಮೈನಸ್ 33 ಡಿಗ್ರಿವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಮುಖ್ಯ ಟ್ಯಾಂಕಿಗೆ ಅದನ್ನು ತುಂಬಿಸಿದರೆ ಹೀಟರ್‌ಗೂ ಅದೇ ಸಿಗುತ್ತದೆ. ಎತ್ತರದಲ್ಲಿ ಗಾಳಿ ತೆಳು, ಎತ್ತರಕ್ಕೆ ಹೊಂದಿಸಿಕೊಳ್ಳದ ಅಗ್ಗದ ಹೀಟರ್‌ಗಳು ಮಸಿ ಕಟ್ಟುತ್ತವೆ. ಮುಳ್ಳಯ್ಯನಗಿರಿಯೇ 1,930 ಮೀಟರ್, ಲೇಹ್ ಸುಮಾರು 3,500. ಡೀಸೆಲ್ ಪ್ರಮಾಣ ಕಮ್ಮಿ ಮಾಡುವ ಸೆಟ್ಟಿಂಗ್ ಇರುವ ಹೀಟರ್ ಕೊಳ್ಳಿ.

ಹೊಗೆ ಕೊಳವೆಯ ಜಾಯಿಂಟ್ ಒಂದೂ ವ್ಯಾನಿನ ಒಳಗೆ ಇರಕೂಡದು. ಮಲಗುವ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಹೀಟರ್ ಹಚ್ಚಲೇಬೇಡಿ, ಆ ಅನಿಲಕ್ಕೆ ವಾಸನೆ ಇಲ್ಲ. ಇದರಲ್ಲಿ ಚೌಕಾಸಿ ಮಾಡಬೇಡಿ.

ನಿಮ್ಮದು ಯಾವ ಗಾಡಿ ಅಂತ ಬರೆದಿಲ್ಲ. ಟ್ಯಾಂಕಿನೊಳಗೇ ಪಂಪ್ ಇದೆಯಾ ನೋಡಿ ತಿಳಿಸಿ. ಇದ್ದರೆ ಇಂಜಿನ್ ಪೈಪಿನಲ್ಲಿ ಎಳೆತದ ಬದಲು ಒತ್ತಡ ಇರುತ್ತದೆ. ಅಲ್ಲಿ ಟೀ ಹಾಕಿದರೆ ಹೀಟರ್‌ಗೆ ಬೇಡದಷ್ಟು ಡೀಸೆಲ್ ನುಗ್ಗಬಹುದು, ಅದು ನನ್ನದಕ್ಕಿಂತ ದೊಡ್ಡ ಫಜೀತಿ.